ವಾಹನ ಸಾಮುದ್ರಿಕ

ಮುಖವನ್ನು ನೋಡಿ ಮನುಷ್ಯನ ಗುಣಾವಗುಣಗಳನ್ನೂ ಆಯುಸ್ಸನ್ನೂ ಹೇಳುವ ಸಾಮುದ್ರಿಕವೆಂಬ ಶಾಸ್ತ್ರವು, ಮನುಷ್ಯರು ಒಬ್ಬರ ಮುಖವನ್ನೊಬ್ಬರು ನೋಡುವುದನ್ನೇ ಬಿಟ್ಟಿರುವ ಈ ಕಾಲದಲ್ಲಿ ಗತಿಸಿಹೋಯಿತೆಂದು ನಾನು ತಿಳಿದಿದ್ದೆ. ಅದು ಗತಿಸಿಲ್ಲ, ಮೋಟಾರು ಕಾರುಗಳ ಇಲಾಖೆಗೆ ವರ್ಗವಾಗಿದೆಯಷ್ಟೆ ಎಂಬುದು ಅರಿವಾದದ್ದು ಹೋದ ವರ್ಷ ನಮ್ಮ ಮನೆಗೆ ಹೊಸ ವಿದ್ಯುತ್ ಕಾರೊಂದು ಬಂದ ದಿವಸ. ಬಂದಿತೆಂದರೆ, ಕೊಂಡವನು ನನ್ನ ಮಗ. ಅದನ್ನು ಕುರಿತು ಲೋಕವು ಆಡುವ ಮಾತುಗಳನ್ನು ಕೇಳಿಸಿಕೊಳ್ಳುವ ಭಾರವನ್ನು ಮಾತ್ರ ನನಗೆ ವಹಿಸಿ ಅವನು ತನ್ನ ಕಛೇರಿಗೆ ಹೊರಟುಹೋದ.

ಮೈಸೂರಿನಲ್ಲಿ ನಮ್ಮದು ಪಿಂಚಣಿದಾರರ ಬೀದಿ. ಇಲ್ಲಿ ಕೆಲವರಿಗೆ ಅವರ ಕಾರಿನ ಹೆಸರೇ ಮನೆತನದ ಹೆಸರಾಗಿ ನಿಂತುಬಿಟ್ಟಿದೆ. ಅಂಬಾಸಿಡರ್ ಗೌಡರು ತಮ್ಮ ಅಂಬಾಸಿಡರನ್ನು ಮಾರಿ ಇಪ್ಪತ್ತು ವರ್ಷಗಳು ಕಳೆದಿದ್ದರೂ, ಫಿಯಟ್ ರಾಯರ ಫಿಯಟ್ಟು ಇಟ್ಟಿಗೆಗಳ ಮೇಲೆ ಧ್ಯಾನಸ್ಥವಾಗಿ ನಿಂತು ಅದರ ಹಿಂದಿನ ಸೀಟಿನಲ್ಲಿ ಪಕ್ಕದ ಮನೆಯ ಬೆಕ್ಕು ಮೂರು ಬಾಣಂತನಗಳನ್ನು ಮುಗಿಸಿಕೊಂಡಿದ್ದರೂ, ಆ ಬಿರುದುಗಳು ಮಾತ್ರ ಕಳಚಿಲ್ಲ. ಹೊಸ ಕಾರೊಂದು ಬೀದಿಯನ್ನು ಪ್ರವೇಶಿಸಿತೆಂದರೆ ಈ ಇಬ್ಬರ ಪರಾಮರ್ಶೆಯಾಗದೆ ಅದಕ್ಕೆ ಪೌರತ್ವ ಲಭಿಸುವಂತಿಲ್ಲ.

ಮೊದಲು ಬಂದವರು ಗೌಡರು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕಾರಿನ ಸುತ್ತ ಒಂದು ಸುತ್ತು ಬಂದು, ಜಾತ್ರೆಯಲ್ಲಿ ಹೋರಿಯ ಹಲ್ಲು ಹಿಡಿದು ನೋಡುವವರಂತೆ ಅದರ ಮುಂದೆ ಬಗ್ಗಿ, "ಏನ್ ಸ್ವಾಮಿ, ಇದಕ್ಕೆ ಕಣ್ಣೆಲ್ಲಿ?" ಎಂದರು.

ನಾನು ಮೇಲ್ಗಡೆ ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಎಳೆದಿದ್ದ ಬೆಳಕಿನ ಗೀಟನ್ನು ತೋರಿಸಿದೆ.

"ಅದು ಹುಬ್ಬು ಕಣ್ರೀ. ಕಣ್ಣೆಲ್ಲಿ ಅಂದೆ."

ಮಗ ಹೇಳಿಕೊಟ್ಟಿದ್ದ ಪಾಠವನ್ನು ಜ್ಞಾಪಿಸಿಕೊಂಡು, ಮೇಲಿನದು ಬರಿಯ ಹಗಲು ದೀಪವೆಂದೂ, ದಾರಿ ತೋರಿಸುವ ದೀಪಗಳು ಕೆಳಗೆ ಬಂಪರಿನ ಇಕ್ಕೆಲದ ಗೂಡುಗಳಲ್ಲಿವೆಯೆಂದೂ ನಿವೇದಿಸಿದೆ.

"ಕೆನ್ನೇಲಿ ಕಣ್ಣು! ಸರಿ, ಬಾಯಿ?"

ಬಾಯಿ ಇಲ್ಲವೆಂದೆ. ಒಳಗೆ ಎಂಜಿನ್ನೇ ಇಲ್ಲದ ಮೇಲೆ ರೇಡಿಯೇಟರಿಗೆ ಗಾಳಿ ನುಂಗಿಸುವ ಅಷ್ಟು ದೊಡ್ಡ ಗ್ರಿಲ್ಲು ಯಾರಿಗಾಗಿ? ಗೌಡರು ಒಮ್ಮೆ ಅಡಿಗೆಮನೆಯ ಕಿಟಕಿಯ ಕಡೆ ನೋಡಿ, ಧ್ವನಿಯನ್ನು ತಗ್ಗಿಸಿ, "ಬಾಯಿಲ್ಲದ್ದು ಮನೇಲಿ ಒಂದಿದ್ರೆ ಒಳ್ಳೇದೇ ಬಿಡಿ," ಎಂದರು.

ಫಿಯಟ್ ರಾಯರದು ಹೆಚ್ಚು ಶಾಸ್ತ್ರೀಯವಾದ ದೃಷ್ಟಿ. ಎಪ್ಪತ್ತರ ದಶಕದಲ್ಲಿ ಅವರ ಫಿಯಟ್ಟಿನ ವಂಶಕ್ಕೆ ಪ್ರೀಮಿಯರ್ ಪದ್ಮಿನಿಯೆಂದು ಮರುನಾಮಕರಣವಾದದ್ದನ್ನು ಅವರು ತಮ್ಮ ವಾದಕ್ಕೆ ದೊರೆತ ಸರ್ಕಾರಿ ಮುದ್ರೆಯೆಂದೇ ಭಾವಿಸಿದ್ದಾರೆ. ಪದ್ಮಿನಿ, ಚಿತ್ರಿಣಿ, ಶಂಖಿನಿ, ಹಸ್ತಿನಿ ಎಂಬ ನಾಲ್ಕು ಸ್ತ್ರೀಜಾತಿಗಳಲ್ಲಿ ಮೊದಲನೆಯದರ ಲಕ್ಷಣಗಳೆಲ್ಲ ತಮ್ಮ ಷೆಡ್ಡಿನಲ್ಲಿವೆಯೆಂದು ಹೇಳಿ, ನಾಲ್ಕನೆಯದು ಯಾವುದೆಂಬುದನ್ನು ಬಾಯಿಬಿಟ್ಟು ಹೇಳದೆ, ಗೌಡರ ಮುಖವನ್ನು ನೋಡುವುದು ಅವರ ಪದ್ಧತಿ. ನಮ್ಮ ಕಾರನ್ನು ಅವರು ಆ ನಾಲ್ಕರಲ್ಲಿ ಯಾವುದಕ್ಕೂ ಸೇರಿಸಲಿಲ್ಲ. "ಇದು ಮಿಕ್ಸಿ" ಎಂದರು. ಒಳಗೆ ತಿರುಗುವುದೂ ಮೋಟರೇ ಆದುದರಿಂದ ನಾನು ಪ್ರತಿವಾದಿಸಲಿಲ್ಲ.

ರಾಯರ ಮೊಮ್ಮಗನಿಗೆ ಹದಿನೇಳು ವರ್ಷ, ಲೈಸೆನ್ಸಿಲ್ಲ, ಅಭಿಪ್ರಾಯಗಳುಂಟು. ತಾತನ ಟೀಕೆಯನ್ನು ಅವನು ಖಂಡಿಸುವನೆಂದು ನಾನು ನಿರೀಕ್ಷಿಸಿದ್ದರೆ, ಅವನು ಬೆರಳ ತುದಿಯಿಂದ ಬಾಗಿಲುಗಳ ಸಂದುಗಳನ್ನು ಸವರಿ, ಸಂದು ಒಂದೇ ಸಮನಾಗಿಲ್ಲವೆಂದೂ, ಬೆಳಕಿನ ಗೀಟು ಕಳೆದ ವರ್ಷವೇ ಹಳತಾಯಿತೆಂದೂ, ಒಳಗಿನ ಹೊಳೆಯುವ ಕಪ್ಪು ಪ್ಲಾಸ್ಟಿಕ್ಕು ಬೆರಳಚ್ಚು ಸಂಗ್ರಹಾಲಯವಾಗುವುದೆಂದೂ ಹೇಳಿ, "ಇನ್ನೊಂದು ಆರು ತಿಂಗಳು ಕಾದಿದ್ರೆ ಚೆನ್ನಾಗಿತ್ತು ಅಂಕಲ್" ಎಂದು ನನ್ನನ್ನು ಸಂತಾಪದಿಂದ ನೋಡಿದ. ವಿದ್ಯುತ್ ಕಾರೆಂಬುದು ನಿನ್ನೆ ಮೊನ್ನೆ ಹುಟ್ಟಿತೆಂದು ತಿಳಿದಿದ್ದ ಅವನಿಗೆ, 2001ರಲ್ಲಿಯೇ ನಮ್ಮ ಬೆಂಗಳೂರಿನಿಂದ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಹೊರಟು, ಜೀ-ವಿಜ್ ಎಂಬ ಹೆಸರಿನಲ್ಲಿ ಲಂಡನ್ನಿನ ಬೀದಿಗಳನ್ನೂ ಕಂಡುಬಂದಿತೆಂದು ಹೇಳಿದೆ. ಅವನು ಅದರ ಚಿತ್ರವನ್ನು ಮೊಬೈಲಿನಲ್ಲಿ ಹುಡುಕಿ ನೋಡಿ, ಬಹಳ ಹೊತ್ತು ನಕ್ಕ.

ಈ ಮೂವರನ್ನೂ ಅವರಂಥ ಅನೇಕರನ್ನೂ ವರ್ಷಗಟ್ಟಲೆ ಅವಲೋಕಿಸಿ ನಾನು ಕಂಡುಕೊಂಡಿರುವುದಿಷ್ಟು: ಕಾರುಗಳನ್ನು ಕುರಿತು ಖಚಿತವಾದ ಅಭಿಪ್ರಾಯವುಳ್ಳವರು ಹೊಸ ಕಾರನ್ನು ಕೊಳ್ಳುವುದಿಲ್ಲ, ಕೊಳ್ಳುವವರಿಗೆ ಬಣ್ಣವೊಂದರ ಹೊರತು ಮತ್ತಾವ ಅಭಿಪ್ರಾಯವೂ ಇರುವುದಿಲ್ಲ. ಅಭಿಪ್ರಾಯವುಳ್ಳವರ ಅಳತೆಗೋಲಾದರೂ ಎಲ್ಲಿಂದ ಬಂದದ್ದು? ಬಾಲ್ಯದಲ್ಲಿ ಮೊತ್ತಮೊದಲು ಯಾವ ಕಾರಿನ ಕಿಟಕಿಯಿಂದ ತಲೆ ಹೊರಹಾಕಿ ಬೈಸಿಕೊಂಡರೋ ಆ ಕಾರೇ ಅವರಿಗೆ ಕೊನೆಯವರೆಗೆ ಸೌಂದರ್ಯದ ಪ್ರಮಾಣ. ನಾನೂ ಇದಕ್ಕೆ ಹೊರತಲ್ಲ. ಅಂಬಾಸಿಡರಿನ ಮುಂದಿನ ಕಿಟಕಿಯ ಮೂಲೆಯಲ್ಲಿ ತ್ರಿಕೋನಾಕಾರದ ಚಿಕ್ಕ ಗಾಜೊಂದಿರುತ್ತಿದ್ದುದು ಹಿರಿಯ ಓದುಗರಿಗೆ ನೆನಪಿರಬಹುದು. ಅದರ ಚಿಲಕವನ್ನು ತಿರುವಿ ಗಾಜನ್ನು ಸ್ವಲ್ಪ ಓರೆಮಾಡಿದರೆ ಹೊರಗಿನ ಗಾಳಿ ನೇರವಾಗಿ ಬಂದು ಮುಖಕ್ಕೆ ಹೊಡೆಯುತ್ತಿತ್ತು. ಇನ್ನಷ್ಟು ತಿರುಗಿಸಿದರೆ ಹಿಂದೆ ಕುಳಿತ ಅಜ್ಜಿಯ ಸೆರಗನ್ನು ಹಾರಿಸುತ್ತಿತ್ತು. ಬಾಡಿಗೆ ಕಾರಿನಲ್ಲಿ ಒಂಬತ್ತು ಜನ ತುಂಬಿಕೊಂಡು ನಂಜನಗೂಡಿಗೆ ಹೋಗುವಾಗ ಆ ಗಾಜಿನ ಪಕ್ಕದ ತೊಡೆಯ ಮೇಲಿನ ಸ್ಥಾನಕ್ಕಾಗಿ ನಾನೂ ನನ್ನ ತಮ್ಮನೂ ಮಾಡಿದ ಯುದ್ಧಗಳಿಗೆ ಲೆಕ್ಕವಿಲ್ಲ. ಇಂದಿಗೂ ಯಾವ ಕಾರಿನ ಮುಂದೆ ನಿಂತರೂ ನನ್ನ ಕಣ್ಣು ಆ ಮೂಲೆಯನ್ನು ಹುಡುಕುತ್ತದೆ.

ಸೌಂದರ್ಯವಿಮರ್ಶಕರನ್ನು ಹಳಿದು ತಯಾರಕರನ್ನು ಹೊಗಳುವ ಉದ್ದೇಶವೂ ನನಗಿಲ್ಲ. 1948ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿನ ಹಿಂಭಾಗದಲ್ಲಿ, ಯುದ್ಧವಿಮಾನವೊಂದರ ಬಾಲವನ್ನು ಕಂಡು ಮೋಹಿತರಾದ ವಿನ್ಯಾಸಕಾರರ ಕೃಪೆಯಿಂದ, ಎರಡು ಸಣ್ಣ ಮೀನುರೆಕ್ಕೆಗಳು ಮೊಳೆತವು; ವರ್ಷವರ್ಷಕ್ಕೂ ಬೆಳೆದು 1959ರ ಹೊತ್ತಿಗೆ ಅವು ಎಷ್ಟು ಎತ್ತರವಾಗಿದ್ದವೆಂದರೆ, ಹಾರುವುದೊಂದು ಬಾಕಿಯಿತ್ತು. ಅದೇ ದೇಶದಲ್ಲಿ 1957ರಲ್ಲಿ ಫೋರ್ಡ್ ಕಂಪೆನಿಯವರು, ಹೆನ್ರಿ ಫೋರ್ಡನ ಮಗನ ಹೆಸರಿಟ್ಟು, ಎಡ್ಸೆಲ್ ಎಂಬ ಕಾರನ್ನು ಮಹಾ ಆಡಂಬರದಿಂದ ಬಿಡುಗಡೆ ಮಾಡಿದಾಗ, ಅದರ ಮೂತಿಯ ನಡುವೆ ಉದ್ದಕ್ಕೆ ನಿಂತ ಗ್ರಿಲ್ಲನ್ನು ಕಂಡ ಜನ ಕುದುರೆಯ ಕೊರಳಪಟ್ಟಿಯೆಂದು ನಕ್ಕರು. ಸ್ಟೀರಿಂಗಿನ ನಟ್ಟನಡುವೆ, ಹಾರನ್ನು ಇರಬೇಕಾದ ಜಾಗದಲ್ಲಿ, ಗೇರು ಬದಲಾಯಿಸುವ ಗುಂಡಿಗಳನ್ನು ಕೂರಿಸಿದ ಜಾಣ್ಮೆಯೂ ಅದರದೇ. 1959ರ ನವೆಂಬರಿನಲ್ಲಿ ಎಡ್ಸೆಲ್ಲಿನ ಅವತಾರ ಸಮಾಪ್ತಿಯಾಯಿತು.

ಆದರೆ ನಗುವವರು ಯಾವಾಗಲೂ ಗೆಲ್ಲುವರೆನ್ನುವಂತಿಲ್ಲ. 1983ರ ಡಿಸೆಂಬರಿನಲ್ಲಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800 ಕಾರಿನ ಬೀಗದಕೈಯನ್ನು ಅದರ ಮಾಲೀಕರ ಕೈಗೆ ಕೊಟ್ಟರಷ್ಟೆ. ಮರುವರ್ಷ ನಮ್ಮ ಬೀದಿಗೆ ಅಂಥದೊಂದು ಬಂದಾಗ ಗೌಡರು ಅದನ್ನು ಸಾಬೂನಿನ ಪೆಟ್ಟಿಗೆಯೆಂದರು. ರಾಯರು ತಮ್ಮ ಫಿಯಟ್ಟಿನ ಡಿಕ್ಕಿಯಲ್ಲಿ ಇಟ್ಟುಕೊಂಡು ಹೋಗಬಹುದೆಂದರು. ಮುಂದೆ ಇಬ್ಬರೂ ಒಂದೊಂದನ್ನು ಕೊಂಡರು, ಮತ್ತು ಕೊಂಡದ್ದು ಸೊಸೆಯಂದಿರಿಗಾಗಿ ಎಂದು ಸಾಧಿಸಿದರು. 2014ರಲ್ಲಿ, ಜನವರಿಯಲ್ಲಿ ಮಾರುತಿ 800ರ ತಯಾರಿಕೆಯೂ ಮೇ ತಿಂಗಳಲ್ಲಿ ಅಂಬಾಸಿಡರಿನ ತಯಾರಿಕೆಯೂ ನಿಂತುಹೋದವೆಂಬ ವಾರ್ತೆ ಬಂದಾಗ, ಗೌಡರು ಒಂದೇ ವರ್ಷದಲ್ಲಿ ಎರಡು ಸಲ ಸೂತಕ ಹಿಡಿದವರಂತೆ ಇದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ರೂಪದ ವಿಷಯ ಹಾಗಿರಲಿ. ತಂತ್ರಜ್ಞಾನದ ವಿಷಯದಲ್ಲಿ ಮಾತ್ರ ನಾನು ವಿಮರ್ಶಕರ ಪಕ್ಷವನ್ನು ಸೇರಬೇಕಾಗಿ ಬಂದಿದೆ. ನಮ್ಮ ಕಾರಿನಲ್ಲಿ ಗುಂಡಿಗಳಿಲ್ಲ. ಇದ್ದವೆಲ್ಲವನ್ನೂ ನಡುವೆ ನಿಲ್ಲಿಸಿರುವ ಗಾಜಿನ ಪರದೆಯೊಂದು ಆಪೋಶನ ತೆಗೆದುಕೊಂಡಿದೆ. ಒಂದು ದಿನ ನಂಜನಗೂಡಿನ ರಸ್ತೆಯಲ್ಲಿ, ಮೊಣಕಾಲಿಗೆ ಬೀಸುತ್ತಿದ್ದ ಏಸಿಯ ತಣ್ಣನೆಯ ಗಾಳಿ ನನ್ನ ವಾತಪ್ರಕೃತಿಗೆ ಒಗ್ಗದೆ, ಅದನ್ನು ಮೇಲಕ್ಕೆ ತಿರುಗಿಸಲು ಪರದೆಯ ಮೇಲೆ ಬೆರಳಿಟ್ಟೆ. ಮೊದಲು ಬೀಸಣಿಗೆಯ ಚಿತ್ರ, ಅದನ್ನೊತ್ತಿದರೆ ಕುಳಿತ ಮನುಷ್ಯನ ಚಿತ್ರ, ಅವನ ಮೈಮೇಲೆಲ್ಲ ಬಾಣಗಳು. ಶರಶಯ್ಯೆಯ ಭೀಷ್ಮನಂತಿದ್ದ ಅವನ ಎದೆಯ ಬಾಣವನ್ನು ಮುಟ್ಟುವಷ್ಟರಲ್ಲಿ ರಸ್ತೆಯ ಉಬ್ಬೊಂದು ಬಂದು ಬೆರಳು ಜಾರಿತು. ಸೀಟಿನೊಳಗಿಂದ ಬೆನ್ನಿಗೂ ಗಾಳಿ ಬೀಸತೊಡಗಿತು. ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಕನ್ನಡಕ ಬದಲಾಯಿಸಿ, ಅದನ್ನು ಶಮನಗೊಳಿಸಬೇಕಾಯಿತು. ಆ ತ್ರಿಕೋನದ ಗಾಜಾದರೆ ಕಣ್ಣು ಮುಚ್ಚಿಕೊಂಡೇ ತಿರುಗಿಸಬಹುದಾಗಿತ್ತು!

ಇದು ಮುದುಕನ ಗೊಣಗಾಟವೆನ್ನುವವರಿಗೆ ಒಂದು ಮಾತು. 1986ರಲ್ಲಿಯೇ ಬ್ಯೂಯಿಕ್ ಕಂಪೆನಿಯವರು ತಮ್ಮ ರಿವಿಯೆರಾ ಕಾರಿನಲ್ಲಿ, ಹಳೆಯ ಟೀವಿಯಂಥ ಗಾಜಿನ ಪೆಟ್ಟಿಗೆಯೊಂದನ್ನು ಕೂರಿಸಿ, ಗಾಳಿಯನ್ನೂ ರೇಡಿಯೋವನ್ನೂ ಅದನ್ನು ಮುಟ್ಟಿಯೇ ನಡೆಸಬೇಕೆಂದು ವಿಧಿಸಿದ್ದರು. ನಾಲ್ಕು ವರ್ಷಗಳಲ್ಲಿ ಗುಂಡಿಗಳು ಹಿಂದಿರುಗಿದವು. ಈಗ ಯೂರೋಪಿನಲ್ಲಿ ಕಾರುಗಳ ಸುರಕ್ಷತೆಯನ್ನು ಪರೀಕ್ಷಿಸುವ ಯೂರೋ ಎನ್‌ಕ್ಯಾಪ್ ಸಂಸ್ಥೆಯೂ, 2026ರಿಂದ ಇಂಡಿಕೇಟರು, ಅಪಾಯದ ದೀಪ, ಹಾರನ್ನು, ವೈಪರು, ತುರ್ತು ಕರೆ, ಇವಕ್ಕೆ ಕೈಗೆ ಸಿಗುವ ನಿಜವಾದ ಗುಂಡಿಗಳಿರದಿದ್ದರೆ ಪೂರ್ಣ ಅಂಕ ಕೊಡಲಾರೆವೆಂದು ಸಾರಿದೆ. ಗೌಡರಿಗೆ ಇದನ್ನು ಓದಿ ಹೇಳಿದಾಗ, ತಮ್ಮ ಸಲಹೆಯನ್ನೇ ಅವರು ತಡವಾಗಿ ಅಂಗೀಕರಿಸಿದರೆಂಬಂತೆ ತಲೆದೂಗಿದರು.

ಅದೆಲ್ಲಕ್ಕೂ ಕಲಶಪ್ರಾಯವಾದದ್ದು ಆಯುಧಪೂಜೆ. ಅರಮನೆಯಲ್ಲಿ ಪಟ್ಟದ ಆನೆಗೂ ಪಟ್ಟದ ಕುದುರೆಗೂ ಪೂಜೆ ಸಲ್ಲುವ ದಿನ ಮೈಸೂರಿನಲ್ಲಿ ಸೈಕಲ್ಲೂ ಬರಿಹಣೆಯಲ್ಲಿ ನಿಲ್ಲುವುದಿಲ್ಲ. ನಮ್ಮ ಕಾರನ್ನು ತೊಳೆದು ನಿಲ್ಲಿಸಿದ್ದಾಯಿತು. ನನ್ನ ಮನೆಯವಳು ಮುಂದಿನ ಬಂಪರಿನಲ್ಲಿ ಸಾಲಾಗಿ ಇದ್ದ ನಾಲ್ಕು ದುಂಡನೆಯ ಬಿಲ್ಲೆಗಳನ್ನು ಕಂಡು, ಕಂಪೆನಿಯವರು ಅರಿಸಿನ ಕುಂಕುಮಕ್ಕೆಂದೇ ಬಿಟ್ಟ ಜಾಗವೆಂದು ಬಗೆದು, ನಾಲ್ಕಕ್ಕೂ ನೀಟಾಗಿ ಬೊಟ್ಟಿಟ್ಟಳು. ಪುರೋಹಿತರು ಮುಂಗಾಜಿನ ನೆತ್ತಿಯ ಮೇಲೆ, ಸರಿಯಾಗಿ ಮಧ್ಯಕ್ಕೆ, ಗಂಧದಿಂದ ಓಂಕಾರವನ್ನು ಬರೆದರು. ಮಗ ಇಕ್ಕೆಲಗಳಲ್ಲಿ ಬಾಳೆಕಂದುಗಳನ್ನು ಕಟ್ಟಿ ಮೂತಿಗೆ ಸೇವಂತಿಗೆಯ ಹಾರವನ್ನು ಇಳಿಬಿಟ್ಟ. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು, ಬೂದುಗುಂಬಳ, ಮಂಗಳಾರತಿ ಎಲ್ಲವೂ ಸಾಂಗವಾಗಿ ನಡೆದು, ಮಗ ಒಳಗೆ ಕುಳಿತು ಗಾಡಿಯನ್ನು ಎಬ್ಬಿಸಿದನೋ ಇಲ್ಲವೋ, ಬಾಯಿಲ್ಲದ ಆ ಪ್ರಾಣಿ ಕೀರಲು ಧ್ವನಿಯಲ್ಲಿ ಅರಚತೊಡಗಿತು. ಬಾಳೆಕಂದನ್ನು ಅದು ಗೋಡೆಯೆಂದು ತಿಳಿದಿತ್ತು. ಪರದೆಯ ಮೇಲೆ ಒಂದರ ಹಿಂದೊಂದು ಎಚ್ಚರಿಕೆಗಳು ಮೂಡಿದವು: ಮುಂದಿನ ಕ್ಯಾಮೆರಾ ಕಾಣಿಸುತ್ತಿಲ್ಲ, ರೆಡಾರು ಮುಚ್ಚಿದೆ, ಸೆನ್ಸರುಗಳನ್ನು ಶುಚಿಗೊಳಿಸಿ. ಓಂಕಾರವು ಕ್ಯಾಮೆರಾದ ಕಣ್ಣಿಗೂ, ಹಾರವು ರೆಡಾರಿನ ಮುಖಕ್ಕೂ, ಮನೆಯವಳ ಬೊಟ್ಟುಗಳು ಸೆನ್ಸರುಗಳಿಗೂ ನೇರವಾಗಿ ಬಿದ್ದಿದ್ದವು. ಗೌಡರು ಗೇಟಿನ ಬಳಿ ನಿಂತು ಎಲ್ಲವನ್ನೂ ನೋಡಿ, "ಆವತ್ತೇ ಕೇಳ್ದೆ ಸ್ವಾಮಿ, ಕಣ್ಣೆಲ್ಲಿ ಅಂತ," ಎಂದರು. ರಾಯರು ಪ್ರಸಾದದ ಬಾಳೆಹಣ್ಣನ್ನು ಸುಲಿಯುತ್ತ ಏನನ್ನೂ ಹೇಳಲಿಲ್ಲ. ಅಂದು ಬೆಳಿಗ್ಗೆ ಅವರ ಫಿಯಟ್ಟು ಇಟ್ಟಿಗೆಗಳ ಮೇಲೆ ನಿಂತೇ ಅಡಿಯಿಂದ ಮುಡಿಯವರೆಗೆ ಪೂಜೆ ಮಾಡಿಸಿಕೊಂಡು ತುಟಿಪಿಟ್ಟೆಂದಿರಲಿಲ್ಲ.

ಹಾರವನ್ನು ತೆಗೆದು, ಗಂಧವನ್ನು ಒರಸಿ, ಬಾಳೆಕಂದುಗಳನ್ನು ಬಿಚ್ಚಿದ ಮೇಲೆಯೇ ಕಾರು ಸುಮ್ಮನಾದದ್ದು. ಮುಂದಿನ ಆಯುಧಪೂಜೆಗೆ ನೀವು ನಮ್ಮ ಮನೆಗೆ ದಯಮಾಡಿಸಬೇಕು; ಬಂದಾಗ ಕುಂಕುಮವನ್ನು ಎಡಗಡೆಯ ಹಿಂಬಾಗಿಲಿಗೆ ಮಾತ್ರ ಹಚ್ಚಬೇಕು. ಅಲ್ಲಿ ಅದಕ್ಕೆ ಕಣ್ಣಿಲ್ಲವೆಂದು ಮಗ ಪುಸ್ತಕ ನೋಡಿ ಖಚಿತಪಡಿಸಿಕೊಂಡಿದ್ದಾನೆ.