ಒಂದು ಡಿಸ್ಕು, ಇಬ್ಬರು ವಾರಸುದಾರರು

ಪಾರ್ಟಿಷನ್ ಎಂಬ ಮಾತು ಬಂದ ಮೇಲೆ ಅದು ಕಂಪ್ಯೂಟರಿನದಾದರೂ ನನ್ನ ಕಸುಬಿಗೇ ಸೇರಿದ್ದು. ಮೂವತ್ತೊಂದು ವರ್ಷದಿಂದ ತಾಲ್ಲೂಕು ಕಚೇರಿ ಎದುರಿನ ಹೊಂಗೆ ಮರದ ಕೆಳಗೆ ಕೂತು ಪಾಲುಪತ್ರ ಬರೆಯುತ್ತಿದ್ದೇನೆ. ಒಂದೇ ಆಟೋದಲ್ಲಿ ಬಂದ ಅಣ್ಣತಮ್ಮಂದಿರು ಎರಡು ಆಟೋ ಹಿಡಿದು ವಾಪಸ್ ಹೋಗುವುದನ್ನು ಎಷ್ಟು ನೋಡಿಲ್ಲ! ಹೋದ ತಿಂಗಳು ಅಕ್ಕನ ಮಗ, ಅವರ ಮನೆಯಲ್ಲಿ ಕರೆಂಟಿಲ್ಲವೆಂದು ನಮ್ಮ ಮನೆಗೆ ಲ್ಯಾಪ್‌ಟಾಪ್ ತಂದ. ವಿಂಡೋಸ್ ಇರುವ ಡಿಸ್ಕಿನಲ್ಲೇ ಉಬುಂಟುವನ್ನೂ ಕೂರಿಸಬೇಕು, ಪಾರ್ಟಿಷನ್ ಮಾಡಬೇಕು ಎಂದು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ. ಫೋನ್ ಇಡಿಸಿದೆ. ಮನೆಯಲ್ಲೇ ತಜ್ಞರಿರುವಾಗ ಹೊರಗಿನವರ ಬಾಯಿಗೆ ಬೀಳುವುದು ಮರ್ಯಾದೆಯಲ್ಲ.

ಈ ವಿಷಯದಲ್ಲಿ ಇಂಜಿನಿಯರುಗಳು ರಾಶಿ ರಾಶಿ ಬರೆದಿದ್ದಾರೆ. ಒಬ್ಬರಾದರೂ ಚಕ್ಕುಬಂದಿ ಹಾಕಿಲ್ಲ. ಆ ಕೊರತೆ ನೀಗಲೆಂದೇ ಈ ಬರಹ.

ಮೊದಲು ವಿಸ್ತೀರ್ಣ. ಲ್ಯಾಪ್‌ಟಾಪ್ ಬಂದ ಡಬ್ಬಿಯ ಮೇಲೆ 512 ಜಿಬಿ, ತೆರೆಯ ಮೇಲೆ 476. ಒತ್ತುವರಿ ಎಂದು ನೋಡಿದ ಕೂಡಲೇ ಹೇಳಿದೆ. ಅಳಿಯ ತಲೆಯಾಡಿಸಿದ: ಡಿಸ್ಕು ಮಾಡುವವರು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ತೋರಿಸುತ್ತದೆ. ಅಂದರೆ ಊರಿನ ಹಗ್ಗ ಬೇರೆ, ಸರ್ವೆಯವರ ಸರಪಳಿ ಬೇರೆ. ಇಷ್ಟು ತಿಳಿಯಲು ನಾಲ್ಕು ವರ್ಷ ಓದಬೇಕಾಗಿರಲಿಲ್ಲ.

ಜಮೀನೂ ಪೂರಾ ಒಬ್ಬನದಾಗಿರಲಿಲ್ಲ. ಮುಂದುಗಡೆ 100 ಎಂಬಿಯ ಇಎಫ್‌ಐ ಪಾರ್ಟಿಷನ್. ಅದರ ಪಕ್ಕ ವಿಂಡೋಸ್ ತನಗೆಂದು ಕಾದಿರಿಸಿಕೊಂಡ 16 ಎಂಬಿ. ಅದರಲ್ಲಿ ಫೈಲ್ ಇಡುವಂತಿಲ್ಲ, ತೆಗೆಯುವಂತಿಲ್ಲ, ಅಪ್ಪಟ ಖರಾಬು. ಕೊನೆಯ ಅಂಚಿಗೆ ರಿಕವರಿ ತುಂಡು. ನಡುವಿನದು ಸಿ ಡ್ರೈವ್. ಇಎಫ್‌ಐ ಎಂಬುದು ಓಣಿ. ಪವರ್ ಬಟನ್ ಒತ್ತಿದಾಗ ಮದರ್‌ಬೋರ್ಡು ಬಾಗಿಲು ಹುಡುಕಿಕೊಂಡು ಬರುವುದು ಅಲ್ಲಿಗೇ. ಆದ್ದರಿಂದ ಅದನ್ನು ಇಬ್ಬರೂ ಓಡಾಡಲು ಬಳಸತಕ್ಕದ್ದು, ಯಾರೂ ಬೇಲಿ ಹಾಕತಕ್ಕದ್ದಲ್ಲ ಎಂದು ಪತ್ರದಲ್ಲಿ ಪ್ರತ್ಯೇಕ ಕಲಮು ಸೇರಿಸಿದೆ.

ಅಣ್ಣ ವಿಂಡೋಸಿನಿಂದ ತಮ್ಮ ಉಬುಂಟುವಿಗೆ ನೂರು ಜಿಬಿ ಬಿಡಿಸುವುದು ಸುಲಭವಾಗಲಿಲ್ಲ. ಮುಕ್ಕಾಲು ಪಾಲು ಬೀಳು ಬಿದ್ದಿದ್ದರೂ, ಶ್ರಿಂಕ್ ಮಾಡು ಎಂದರೆ 61ಕ್ಕಿಂತ ಹೆಚ್ಚು ಬಿಡಲೊಲ್ಲದು. ಅಲುಗಾಡಿಸಲಾಗದ ಫೈಲುಗಳು ನಟ್ಟನಡುವೆ ಕೂತಿವೆ ಎಂದು ಅಳಿಯ ಹೇಳಿದ. ಹೊಲದ ಮಧ್ಯೆ ಅಜ್ಜನ ಸಮಾಧಿ ಇದ್ದ ಹಾಗೆ. ಪೇಜ್ ಫೈಲನ್ನೂ ಹೈಬರ್ನೇಷನ್ ಫೈಲನ್ನೂ ತಾತ್ಕಾಲಿಕವಾಗಿ ಎಬ್ಬಿಸಿದ ಮೇಲೆ ನೂರು ಸಿಕ್ಕಿತು. ಕೂಡಲೇ ಬರೆದೆ: ‘ಪೂರ್ವಕ್ಕೆ ತಮ್ಮ ಉಬುಂಟುವಿನ ಹಿಸ್ಸೆ, ಪಶ್ಚಿಮಕ್ಕೆ 16 ಎಂಬಿ ಖರಾಬು, ಉತ್ತರಕ್ಕೆ ಕೀಬೋರ್ಡು, ದಕ್ಷಿಣಕ್ಕೆ ಬ್ಯಾಟರಿ, ಈ ಮಧ್ಯೆ ಇರುವ ಸುಮಾರು 376 ಜಿಬಿ ಅಣ್ಣ ವಿಂಡೋಸಿನ ಸ್ವಾಧೀನಕ್ಕೆ.’

ಹಳೇ ಕಾಯ್ದೆಯಲ್ಲಿ ಇಷ್ಟು ವಿವರಕ್ಕೆ ಜಾಗವೇ ಇರಲಿಲ್ಲವಂತೆ. ಎಂಬಿಆರ್ ಎಂದು ಡಿಸ್ಕಿನ ಮೊದಲ 512 ಬೈಟ್. ಅದರಲ್ಲಿ ಬಾಗಿಲು ಕಾಯುವವನಿಗೆ 446, ಪಾಲುಪಟ್ಟಿಗೆ 64, ಮೊಹರಿಗೆ 2. ಕನ್ನಡದ ಒಂದೊಂದು ಅಕ್ಷರಚಿಹ್ನೆ ಯೂನಿಕೋಡ್ ಫೈಲಿನಲ್ಲಿ ಮೂರು ಬೈಟ್ ತಿನ್ನುತ್ತದೆ. 446ರಲ್ಲಿ 148 ಹಿಡಿಸೀತು. ನನ್ನ ಪತ್ರದಲ್ಲಿ ಅಷ್ಟು ಹೊತ್ತಿಗೆ ಒಂದನೇ ಪಾರ್ಟಿಯ ತಂದೆಯ ಹೆಸರೂ ಮುಗಿದಿರುವುದಿಲ್ಲ. ಪಾಲೂ ನಾಲ್ಕೇ, ಐದನೆಯವನು ಹುಟ್ಟಿದರೆ ನಾಲ್ಕನೆಯವನ ಪಾಲಿನೊಳಗೇ ಗುಡಿಸಲು ಹಾಕಿಕೊಳ್ಳಬೇಕಿತ್ತು. ಈಗಿನ ಜಿಪಿಟಿ ಪಟ್ಟಿಯಲ್ಲಿ 128 ನಮೂದಿಗೆ ಅವಕಾಶವಿದೆ. ಕೌರವರಿಗೆ ಧಾರಾಳವಾಗಿ ಸಾಕು.

ಅಣ್ಣನನ್ನು ಮೊದಲು ಕೂರಿಸಿ ತಮ್ಮನನ್ನು ಆಮೇಲೆ ತರಬೇಕು ಎಂಬುದು ಈ ಕ್ಷೇತ್ರದ ಸಂಪ್ರದಾಯ. ಆಮೇಲೆ ಬಂದ ಉಬುಂಟು ತನ್ನ ಕಾವಲುಗಾರನನ್ನು ತಾನೇ ಕರೆತರುತ್ತದೆ. ಅವನ ಹೆಸರು ಗ್ರಬ್. ಹೆಸರು ಕೇಳಿದಾಗ ಕಬ್ಬಿನ ಬುಡ ತಿನ್ನುವ ಗೊಣ್ಣೆಹುಳು ನೆನಪಾಗಿ, ಬೇವಿನ ಹಿಂಡಿ ಹಾಕು ಎಂದೆ. ಹಾಗಲ್ಲವಂತೆ. 1995ರಲ್ಲಿ ಎರಿಕ್ ಬೋಲಿನ್ ಎಂಬವರು ಬರೆಯಲು ಹಿಡಿದ ಗ್ರ್ಯಾಂಡ್ ಯೂನಿಫೈಡ್ ಬೂಟ್‌ಲೋಡರ್. ಕಪ್ಪು ತೆರೆಯ ಮೇಲೆ ಇಬ್ಬರ ಹೆಸರೂ ಬರೆದು, ಹತ್ತು ಸೆಕೆಂಡು ಎಣಿಸಿ, ಯಾರೂ ಕೀ ಒತ್ತದಿದ್ದರೆ ಮೊದಲನೆಯವನನ್ನು ಒಳಗೆ ಬಿಡುತ್ತದೆ. ಮೊದಲನೆಯವನನ್ನು ಅದು ಸೊನ್ನೆ ಎಂದು ಕರೆಯುತ್ತದೆ. ಹಿರಿಮಗನನ್ನು ಸೊನ್ನೆ ಅನ್ನುವುದು ನಮ್ಮ ಕಡೆಯೂ ಉಂಟು.

ಆದರೆ ಮೊದಲ ದಿನ ಪಟ್ಟಿಯಲ್ಲಿ ಅಣ್ಣನ ಹೆಸರೇ ಇರಲಿಲ್ಲ! ವಂಶವೃಕ್ಷದಲ್ಲಿ ಒಬ್ಬನನ್ನು ಕೈಬಿಡುವುದು ನಮ್ಮಲ್ಲಿ ತೀರ ಹಳೆಯ ವಿದ್ಯೆ, ಅದಕ್ಕೆ ನಾನೇನೂ ಗಾಬರಿಯಾಗಲಿಲ್ಲ. ಮನೆ ಮನೆಗೆ ಹೋಗಿ ಯಾರು ಯಾರು ವಾಸವಿದ್ದಾರೆ ಎಂದು ಮಹಜರು ಮಾಡುವ ಓಎಸ್-ಪ್ರೋಬರ್ ಎಂಬ ಸಿಬ್ಬಂದಿ ಇದ್ದಾನೆ. 2021ರ ಗ್ರಬ್ 2.06ರಿಂದ ಅವನು ತಾನಾಗಿ ಹೊರಡುವುದಿಲ್ಲ, ಭದ್ರತೆಯ ಕಾರಣಕ್ಕೆ ಅವನನ್ನು ಕೂರಿಸಿದ್ದಾರೆ. ಹೊರಡಿಸಬೇಕಾದರೆ ಫೈಲೊಂದರಲ್ಲಿ ‘ಡಿಸೇಬಲ್ ಓಎಸ್ ಪ್ರೋಬರ್’ ಎಂದು ಬರೆದು ಎದುರಿಗೆ ‘ಫಾಲ್ಸ್’ ಎನ್ನಬೇಕು. ಕೆಲಸ ಮಾಡು ಎಂದಲ್ಲ. ಕೆಲಸ ಮಾಡಬೇಡ ಎಂಬುದು ಸುಳ್ಳು ಎಂದು. ಇದನ್ನು ಬರೆದ ಪುಣ್ಯಾತ್ಮ ಖಂಡಿತ ಯಾವುದಾದರೂ ನೋಂದಣಿ ಕಚೇರಿಯ ಎದುರು ಕೂತು ಎದ್ದವನು. ನಾನು ಆ ಸಾಲನ್ನು ಡೈರಿಯಲ್ಲಿ ಬರೆದಿಟ್ಟುಕೊಂಡೆ, ಬಾಡಿಗೆ ಕರಾರಿಗೆ ಉಪಯೋಗವಾಗುತ್ತದೆ.

ಯಂತ್ರದೊಳಗೆ ಆರ್‌ಟಿಸಿ ಇದೆ ಎಂದು ಗೊತ್ತಾದ ಗಳಿಗೆ ಕಣ್ಣು ತುಂಬಿ ಬಂತು. ಪಹಣಿ ಇಲ್ಲದೆ ಪಾಲೆಲ್ಲಿ? ಬೆಳೆ ಕಾಲಂ ತೋರಿಸು ಎಂದೆ. ‘ಮಾವ, ಇದು ರಿಯಲ್ ಟೈಮ್ ಕ್ಲಾಕು’ ಎಂದ ಅಳಿಯ. ಮನೆಗೊಂದೇ ಗೋಡೆ ಗಡಿಯಾರ, ಓದುವವರು ಇಬ್ಬರು. ಅದರಲ್ಲಿರುವುದು ಊರಿನ ಸಮಯ ಎಂದು ಅಣ್ಣ, ಯುಟಿಸಿ ಎಂದು ತಮ್ಮ. ನಡುವೆ ಐದೂವರೆ ಗಂಟೆ. ಬುಧವಾರ ಸಂಜೆ ಆರಕ್ಕೆ ಉಬುಂಟು ಮುಚ್ಚಿ ವಿಂಡೋಸ್ ತೆರೆದರೆ ಮಧ್ಯಾಹ್ನ ಹನ್ನೆರಡೂವರೆ. ಬುಧವಾರದ ಹನ್ನೆರಡೂವರೆ ಎಂದರೆ ರಾಹುಕಾಲ. ಗಡಿಯಾರ ತಪ್ಪು ಎಂದು ಅಳಿಯ ಎಷ್ಟು ಹೇಳಿದರೂ, ದಾಖಲೆಯಲ್ಲಿ ಇದ್ದದ್ದೇ ಸಮಯ ಎಂದು ನಾನು ಒಂದೂವರೆಯವರೆಗೆ, ಅಂದರೆ ನಮ್ಮ ಏಳು ಗಂಟೆಯವರೆಗೆ, ಸಹಿ ಹಾಕಿಸಲಿಲ್ಲ. ಆಮೇಲೆ ಉಬುಂಟುವಿನಲ್ಲೇ ಒಂದು ಸಾಲಿನ ಆಜ್ಞೆ ಕೊಟ್ಟು ಊರಿನ ಸಮಯಕ್ಕೆ ತಂದ. ತಗ್ಗಬೇಕಾದವನು ಯಾವತ್ತೂ ತಮ್ಮನೇ.

ಫಾಸ್ಟ್ ಸ್ಟಾರ್ಟಪ್ ಬಗ್ಗೆ ಒಂದೇ ಮಾತು: ವಿಂಡೋಸ್ ಶಟ್‌ಡೌನ್ ಆದೆ ಎಂದರೆ ನಂಬಬೇಡಿ. ಬಸ್ ಸೀಟಿಗೆ ಟವೆಲ್ ಹಾಕಿ ಟೀ ಕುಡಿಯಲು ಇಳಿದಿರುತ್ತದೆ. ಅದನ್ನು ಆಫ್ ಮಾಡಿಸದಿದ್ದರೆ ಉಬುಂಟು ಅಣ್ಣನ ಹೊಲವನ್ನು ಬೇಲಿಯಾಚೆಯಿಂದ ನೋಡಬಹುದು, ಒಂದು ಕಡ್ಡಿ ನೆಡುವಂತಿಲ್ಲ.

ಎಲ್ಲ ಸರಿಹೋದ ಹದಿನೈದು ದಿನಕ್ಕೆ, ಅಳಿಯ ಸ್ನಾನಕ್ಕೆ ಹೋಗಿದ್ದಾಗ, ದಾಖಲೆ ಪರಿಶೀಲಿಸಲೆಂದು ವಿಂಡೋಸ್ ಕಡೆಯಿಂದ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದೆ. ಅಲ್ಲಿ ನೂರು ಜಿಬಿ ಜಾಗ ಹೆಸರಿಲ್ಲದೆ, ಡ್ರೈವ್ ಅಕ್ಷರವಿಲ್ಲದೆ, ಅನಾಥವಾಗಿ ಬಿದ್ದಿತ್ತು. ವಾರಸುದಾರರಿಲ್ಲದ ಸ್ವತ್ತು ಮೂಲ ಖಾತೆಗೆ ಹೋಗತಕ್ಕದ್ದು. ಡಿಲೀಟ್ ಒತ್ತಿದೆ. ಖಚಿತವೇ ಎಂದು ಕೇಳಿತು. ಮೂವತ್ತೊಂದು ವರ್ಷದ ಅನುಭವವನ್ನು ನೆನೆದು ಹೌದು ಎಂದೆ. ರೀಸ್ಟಾರ್ಟ್ ಮಾಡಿದರೆ ಪಟ್ಟಿಯೂ ಇಲ್ಲ, ಎಣಿಕೆಯೂ ಇಲ್ಲ. ಕಪ್ಪು ತೆರೆ, ಎಡಗಡೆ ಗ್ರಬ್ ಎಂಬ ಒಂದೇ ಪದ, ಪಕ್ಕದಲ್ಲಿ ಮಿಣುಕುವ ಗೀಟು.

ಟವೆಲ್ ಸುತ್ತಿಕೊಂಡು ಬಂದ ಅಳಿಯ ತಲೆಯಿಂದ ನೀರು ತೊಟ್ಟಿಕ್ಕುತ್ತಲೇ ನಿಂತು ನೋಡಿದ. ಕಾವಲುಗಾರ ಓಣಿಯಲ್ಲೇ ಇದ್ದಾನೆ, ಅವನ ಪಟ್ಟಿ ಇದ್ದದ್ದು ಮಾತ್ರ ತಮ್ಮನ ಮನೆಯಲ್ಲಿ, ಆ ಮನೆಯೇ ಈಗಿಲ್ಲ ಎಂದು ಬಿಡಿಸಿ ಹೇಳಿದ. ‘ಎಕ್ಸಿಟ್’ ಎಂದು ಟೈಪ್ ಮಾಡಿ ಎಂಟರ್ ಒತ್ತಿದ. ವಿಂಡೋಸ್ ಏನೂ ಆಗಿಲ್ಲವೆಂಬಂತೆ ಎದ್ದು ಬಂತು.

ಅಷ್ಟರಲ್ಲಿ ಅವನ ತಂಗಿ ಪೆನ್‌ಡ್ರೈವ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ‘ನೂರು ಜಿಬಿ ಖಾಲಿಯಾಯ್ತಂತಲ್ಲ ಮಾವ, ಅರ್ಧ ನನಗೆ. ಫೆಡೋರಾ ಹಾಕ್ಕೋತೀನಿ’ ಎಂದಳು. ಅಳಿಯ ನನ್ನ ಮುಖ ನೋಡಿದ. 2005ರ ತಿದ್ದುಪಡಿಯ ಮೇಲೆ ಹೆಣ್ಣುಮಕ್ಕಳಿಗೂ ಸಮಪಾಲು. ಜಿಪಿಟಿ ಪಟ್ಟಿಯಲ್ಲೂ 124 ನಮೂದು ಖಾಲಿ ಬಿದ್ದಿವೆ, ಇಲ್ಲವೆನ್ನಲು ದಾರಿಯಿಲ್ಲ. ಹೊಸ ಛಾಪಾ ಕಾಗದ ತೆಗೆದೆ. ಈ ಸಲ ಉತ್ತರಕ್ಕೆ ಕೀಬೋರ್ಡು ಎಂದು ಬರೆಯುವ ಮುಂಚೆ ಲ್ಯಾಪ್‌ಟಾಪನ್ನು ಮಗುಚಿ ಒಮ್ಮೆ ಸ್ಥಳ ಪರಿಶೀಲನೆ ಮಾಡಿದೆ.