ಘಟ್ಟದ ಮೈಲೇಜ್ ಮೀಮಾಂಸೆ

ಅನುಬಂಧ ಚತುಷ್ಟಯ

ಶಾಸ್ತ್ರಗ್ರಂಥವೆಂದ ಮೇಲೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕು. ವಿಷಯ: ಮೈಲೇಜ್. ಪ್ರಯೋಜನ: ಲೀಟರಿಗೆ ಎರಡು ಕಿಲೋಮೀಟರ್ ಜಾಸ್ತಿ ಬಂತೆಂದು ಷಡ್ಡಕನ ಮುಂದೆ ಹೇಳಿಕೊಳ್ಳುವುದು. ಸಂಬಂಧ: ಆ ಷಡ್ಡಕನದೇ. ಅಧಿಕಾರಿ: ಹದಿನೈದು ಲಕ್ಷದ ಕಾರು ಕೊಂಡು, ಲೀಟರಿಗೆ ಐವತ್ತು ಪೈಸೆ ಕಡಿಮೆಯಿರುವ ಬಂಕ್ ಹುಡುಕಿಕೊಂಡು ಎಂಟು ಕಿಲೋಮೀಟರ್ ಹೋಗುವ ಸಕಲ ಗೃಹಸ್ಥರು.

ಸೂತ್ರಗಳನ್ನೂ ನಾನೇ ರಚಿಸಿದ್ದೇನೆ, ಭಾಷ್ಯವನ್ನೂ ನಾನೇ ಬರೆದಿದ್ದೇನೆ. ಸೂತ್ರಕಾರನಿಗೂ ಭಾಷ್ಯಕಾರನಿಗೂ ಜಗಳ ಬಾರದಿರಲಿ ಎಂದು ಈ ಏರ್ಪಾಡು.

ಕ್ಷೇತ್ರ ನಿರ್ಣಯ

ಪ್ರಯೋಗಕ್ಷೇತ್ರವಾಗಿ ದಿಂಡಿಗಲ್ಲಿನಿಂದ ತೇನಿ, ಕಂಬಂ ಹಾದು ಕುಮುಳಿಗೆ ಹೋಗುವ ಹೆದ್ದಾರಿಯನ್ನೂ ಬೋಡಿನಾಯಕನೂರಿನಿಂದ ಬೋಡಿಮೆಟ್ಟಿಗೆ ಹತ್ತುವ ಘಾಟಿಯನ್ನೂ ಆರಿಸಿದೆ. ಕನ್ನಡದ ಶಾಸ್ತ್ರಕ್ಕೆ ತಮಿಳುನಾಡಿನ ಘಟ್ಟವೇಕೆ ಎಂದರೆ, ದಿಂಡಿಗಲ್ಲು 1792ರ ಶ್ರೀರಂಗಪಟ್ಟಣದ ಒಪ್ಪಂದದವರೆಗೆ ಮೈಸೂರಿನದಾಗಿತ್ತು. ಕಂಬಂ ಕಣಿವೆಯ ಕಪ್ಪಿಲಿಯರ ಮನೆಗಳಲ್ಲಿ, ಈ ಸೀಮೆಯ ದೇವಾಂಗ ನೇಕಾರರ ಮನೆಗಳಲ್ಲಿ ಕನ್ನಡ ಇನ್ನೂ ಉಳಿದಿದೆ.

ಇತಿಹಾಸವೂ ಅನುಕೂಲವಾಗಿದೆ. 1755ರಲ್ಲಿ ಹೈದರ್ ಅಲಿ ದಿಂಡಿಗಲ್ಲಿನ ಫೌಜುದಾರನಾದ. ಮುಂದೆ ಅವನೇ ಚಿದಂಬರವನ್ನು ಉಳಿಸಿಕೊಳ್ಳಲು, ಅಮೃತಮಹಲ್ ಎತ್ತುಗಳ ಬಲದಿಂದ ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿದನೆಂದು ಜಾನುವಾರು ತಳಿಗಳ ಹಳೆಯ ಗ್ರಂಥಗಳು ಹೇಳುತ್ತವೆ. ದಿನಕ್ಕೆ 64 ಕಿಲೋಮೀಟರ್, ಇಂಧನ ಹುಲ್ಲು ಹುರುಳಿ, ಹಿಂದಿನಿಂದ ಹೊರಬರುವುದು ಹೊಲಕ್ಕೆ ಗೊಬ್ಬರ. ಈ ದಾಖಲೆಯನ್ನು ಯಾವ ಷೋರೂಮಿನವನೂ ಮುರಿದಿಲ್ಲ.

ಪ್ರಮಾಣ ವಿಚಾರ

ಮೈಲೇಜನ್ನು ಅರಿಯುವುದು ಹೇಗೆ? ಪುಣೆಯ ಎಆರ್‌ಎಐ ಸಂಸ್ಥೆ ಪ್ರಮಾಣೀಕರಿಸಿದ ಅಂಕಿಯೇ ಶ್ರುತಿ. ಕಾರನ್ನು ರೋಲರಿನ ಮೇಲೆ ನಿಲ್ಲಿಸಿ, ಗೊತ್ತುಮಾಡಿದ ವೇಗದಲ್ಲಿ ಓಡಿಸಿ ಅದನ್ನು ಕಂಡುಕೊಂಡಿರುತ್ತಾರೆ. ಆ ರೋಲರಿಗೆ ಘಟ್ಟವಿಲ್ಲ, ಎದುರುಗಾಳಿಯಿಲ್ಲ, ಹಿಂದಿನ ಸೀಟಿನಲ್ಲಿ ಅತ್ತೆಯಿಲ್ಲ. ಟ್ಯಾಂಕ್ ಫುಲ್ ಮಾಡಿಸಿ, ಓಡಿಸಿ, ಮತ್ತೆ ಫುಲ್ ಮಾಡಿಸಿ, ಭಾಗಿಸಿ ನಾವು ಪಡೆಯುವುದು ಸ್ಮೃತಿ. ಶ್ರುತಿಗೂ ಸ್ಮೃತಿಗೂ ವಿರೋಧ ಬಂದರೆ ಶ್ರುತಿಯೇ ಬಲಿಷ್ಠವೆಂಬುದು ಹಿರಿಯರ ಮತ. ಆದ್ದರಿಂದಲೇ ಮೈಲೇಜ್ ಬಾರದಿದ್ದಾಗ ತಪ್ಪು ಓಡಿಸಿದವನದು, ಕಾರಿನದಲ್ಲ ಎಂದು ಸರ್ವೀಸ್ ಸೆಂಟರುಗಳು ತೀರ್ಪು ಕೊಡುತ್ತವೆ.

ಸೂತ್ರ 1: ಇಳಿವಲ್ಲಿ ನ್ಯೂಟ್ರಲ್, ಉಳಿವುದು ಪೆಟ್ರೋಲ್

ಇದು ಪೂರ್ವಪಕ್ಷ. ಬೋಡಿಮೆಟ್ಟಿನ ನೆತ್ತಿಯಲ್ಲಿ ಚಹಾ ಮುಗಿಸಿದವನೇ ಗಾಡಿಯನ್ನು ನ್ಯೂಟ್ರಲ್ಲಿಗೆ ಹಾಕಿ, ಗುರುತ್ವಾಕರ್ಷಣೆಯ ಖರ್ಚಿನಲ್ಲಿ ಬೋಡಿ ತಲುಪಬೇಕೆಂಬುದು ಈ ಪಂಥದ ನಿಷ್ಠೆ. ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳ ಕಾರ್ಬೊರೇಟರ್ ಯುಗದಲ್ಲಿ ಇದಕ್ಕೆ ಒಂದಿಷ್ಟು ಆಧಾರವಿತ್ತು. ಆಕ್ಸಿಲರೇಟರ್ ಬಿಟ್ಟರೂ ಗೇರಿನಲ್ಲಿದ್ದ ಎಂಜಿನ್ ಪೆಟ್ರೋಲ್ ಎಳೆಯುತ್ತಲೇ ಇತ್ತು.

ಉತ್ತರಪಕ್ಷ: ಈಗಿನ ಇಂಜೆಕ್ಷನ್ ಎಂಜಿನ್, ಗೇರಿನಲ್ಲಿದ್ದು ಕಾಲು ಎತ್ತಿದೊಡನೆ ಇಂಧನವನ್ನು ಪೂರ್ತಿ ನಿಲ್ಲಿಸುತ್ತದೆ. ಚಕ್ರವೇ ಎಂಜಿನ್ನನ್ನು ತಿರುಗಿಸುತ್ತಿರುತ್ತದೆ. ನ್ಯೂಟ್ರಲ್ಲಿಗೆ ಹಾಕಿದರೆ ಆ ನಂಟು ಕಡಿದು, ಎಂಜಿನ್ ಆರಿಹೋಗದಿರಲು ಮತ್ತೆ ಇಂಧನ ಕುಡಿಯತೊಡಗುತ್ತದೆ. ಅಂದರೆ ಉಳಿತಾಯಕ್ಕೆಂದು ಹಿಡಿದ ವ್ರತವೇ ಖರ್ಚು. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಬಂದ ಮೇಲೆ ಬೈಕುಗಳೂ ಬಹುಪಾಲು ಇಂಜೆಕ್ಷನ್ ಆದವು. ಸಂಪ್ರದಾಯ ಮಾತ್ರ ಕಾರ್ಬೊರೇಟರಿನದೇ ನಡೆದುಕೊಂಡು ಬಂದಿದೆ.

ಗಣಿತವನ್ನೂ ನೋಡಬಹುದು. ಬೋಡಿಗೂ ಬೋಡಿಮೆಟ್ಟಿಗೂ ಎತ್ತರದ ಅಂತರ ಹೆಚ್ಚುಕಡಿಮೆ ಒಂದು ಸಾವಿರ ಮೀಟರ್. ಒಂದೂವರೆ ಟನ್ ತೂಕದ ಗಾಡಿ ಅಷ್ಟು ಇಳಿದರೆ, ಸುಮಾರು 40 ಲೀಟರ್ ತಣ್ಣೀರನ್ನು ಕುದಿಸುವಷ್ಟು ಶಕ್ತಿ ಎಲ್ಲಾದರೂ ಖರ್ಚಾಗಲೇಬೇಕು. ಗಾಳಿ, ಟೈರುಗಳು ತಮ್ಮ ಪಾಲು ತೆಗೆದುಕೊಂಡ ಮೇಲೆ, ಗೇರಿನಲ್ಲಿದ್ದರೆ ಎಂಜಿನ್ನೂ ಭಾರ ಹೊರುತ್ತದೆ. ನ್ಯೂಟ್ರಲ್ಲಿನಲ್ಲಿ ಉಳಿದದ್ದೆಲ್ಲ ಬ್ರೇಕಿನ ತಲೆಗೆ. ಬ್ರೇಕ್ ಕಾದು ಹಿಡಿತ ಬಿಟ್ಟಾಗ ನ್ಯೂಟ್ರಲ್ ಪಂಥದವರಿಗೆ ಮೋಕ್ಷ ಸಿಗುತ್ತದೆ ಎಂಬುದು ನಿಜ. ಆದರೆ ಅದು ಈ ಶಾಸ್ತ್ರದ ಪ್ರಯೋಜನಗಳ ಪಟ್ಟಿಯಲ್ಲಿ ಇಲ್ಲ. ಇದೇ ತೇನಿ ಜಿಲ್ಲೆಯ ಪೊಟ್ಟಿಪುರಂ ಬಳಿ ಬೆಟ್ಟದೊಳಗೆ ನ್ಯೂಟ್ರಿನೊ ವೀಕ್ಷಣಾಲಯ ಕಟ್ಟುವ ಯೋಜನೆಯಿತ್ತು. ನ್ಯೂಟ್ರಿನೊ ಎಂಬ ಆ ಕಣ ಇಡೀ ಬೆಟ್ಟವನ್ನು ಯಾವ ತಡೆಯೂ ಇಲ್ಲದೆ ದಾಟಬಲ್ಲದು, ಬ್ರೇಕಿನ ಅಗತ್ಯವೂ ಅದಕ್ಕಿಲ್ಲ. ನ್ಯೂಟ್ರಲ್ ಅದಕ್ಕೊಂದೇ ಸಲ್ಲುತ್ತದೆ.

ಸೂತ್ರ 2: ಗಾಳಿ ಒಳಗಿರಲಿ, ಹೊರಗೆ ಬೇಡ

ಒಳಗೆ ಎಂದರೆ ಟೈರಿನೊಳಗೆ. ಗಾಳಿ ಇಳಿದ ಟೈರು ರಸ್ತೆಯ ಮೇಲೆ ಚಪ್ಪಟೆಯಾಗಿ ಉರುಳುತ್ತದೆ, ಆ ಬಾಗುವಿಕೆಗೆ ಇಂಧನ ತೆರಬೇಕು. ಇಷ್ಟನ್ನು ಬಂಕಿನ ಮೂಲೆಯ ಹುಡುಗ ಪುಕ್ಕಟೆಯಾಗಿ ಸರಿಪಡಿಸುತ್ತಾನೆ. ಪುಕ್ಕಟೆಯಾದ್ದರಿಂದಲೇ ಶಾಸ್ತ್ರಜ್ಞರು ಅದನ್ನು ಗಣನೆಗೆ ತೆಗೆದುಕೊಂಡಿಲ್ಲ.

ಹೊರಗೆ ಎಂದರೆ ಕಂಬಂ ಕಣಿವೆಯ ಗಾಳಿ. ನೈಋತ್ಯ ಮಳೆಗಾಲದಲ್ಲಿ ಪಶ್ಚಿಮಘಟ್ಟದ ಕಂಡಿಯೊಳಗಿಂದ ನುಗ್ಗುವ ಈ ಗಾಳಿಯನ್ನು ನಂಬಿಕೊಂಡೇ ತೇನಿ ಜಿಲ್ಲೆಯಲ್ಲಿ ಗಾಳಿಯಂತ್ರಗಳು ಎದ್ದಿವೆ. ಗಾಳಿಯ ತಡೆ ವೇಗದ ವರ್ಗದಂತೆ ಬೆಳೆಯುತ್ತದೆ. 60ರಲ್ಲಿ ಹೋಗುವ ಕಾರಿಗೆ 30ರ ಎದುರುಗಾಳಿ ಸಿಕ್ಕರೆ ತಡೆ ಎರಡೂಕಾಲು ಪಟ್ಟು. ಆ ಗಾಳಿಗೆ ಎದುರಾಗಿ, ಮೇಲೆ ಖಾಲಿ ಕ್ಯಾರಿಯರ್ ಕಟ್ಟಿಕೊಂಡು, ಕಿಟಕಿ ನಾಲ್ಕನ್ನೂ ಇಳಿಸಿ, ಏಸಿ ಉಳಿಸಿದೆನೆಂದು ಬೀಗುತ್ತ ನೂರರಲ್ಲಿ ಹೋಗುವವನನ್ನು ಈ ಶಾಸ್ತ್ರ ‘ಸಂಚಾರಿ ಗಾಳಿಯಂತ್ರ’ವೆಂದು ವರ್ಗೀಕರಿಸುತ್ತದೆ. ಒಂದೇ ವ್ಯತ್ಯಾಸ, ಇದರಿಂದ ಕರೆಂಟು ಬರುವುದಿಲ್ಲ. ಗಂಟೆಗೆ 80ರ ಬದಲು 45ರಿಂದ 55ರಲ್ಲಿ ಓಡಿಸಿದರೆ ಮೈಲೇಜ್ ಶೇಕಡಾ 40ರವರೆಗೆ ಏರಬಹುದೆಂದು ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘ ಬಹುಕಾಲದಿಂದ ಸಾರುತ್ತಿದೆ. ಅದನ್ನು ಎಲ್ಲರೂ ಒಪ್ಪುತ್ತಾರೆ, ಒಪ್ಪುತ್ತಲೇ ಓವರ್‌ಟೇಕ್ ಮಾಡುತ್ತಾರೆ.

ಸೂತ್ರ 3: ಹಚ್ಚಿದ್ದರಿಂದ ಹೆಚ್ಚುವುದು ಬಿಲ್ಲು

ಇಂಧನದ ಪೈಪಿಗೆ ಕಟ್ಟುವ ಅಯಸ್ಕಾಂತ, ಗಾಳಿಯನ್ನು ಸುಳಿ ಸುತ್ತಿಸುವ ಚಕ್ರ, ಟ್ಯಾಂಕಿಗೆ ಹಾಕುವ ಗುಳಿಗೆ ಇವೆಲ್ಲ ಈ ಸೂತ್ರದ ವ್ಯಾಪ್ತಿಗೆ ಬರುತ್ತವೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿ, ತುಸುವಾದರೂ ಉಪಯೋಗ ಕಂಡದ್ದು ಕೆಲವೇ ಕೆಲವುಗಳಲ್ಲಿ ಎಂದಿತು. ಅಲ್ಲಿನ ಗುಡ್ಡದಲ್ಲಿ ಗಿಡಮೂಲಿಕೆ ಇಲ್ಲವೆಂದು ನಮ್ಮವರು ಸಮಾಧಾನ ಮಾಡಿಕೊಳ್ಳಬಹುದು. ತೇನಿಯ ದಕ್ಷಿಣಕ್ಕೆ, ಬೆಟ್ಟದ ಆಚೆಯ ರಾಜಪಾಳಯಂ ಸೀಮೆಯ ರಾಮರ್ ಪಿಳ್ಳೈ 1996ರಲ್ಲಿ ನೀರಿಗೆ ಮೂಲಿಕೆ ಹಾಕಿ ಪೆಟ್ರೋಲ್ ಮಾಡುತ್ತೇನೆಂದಾಗ ದೇಶವೇ ಬಾಯಿ ಬಿಟ್ಟುಕೊಂಡು ನೋಡಿತು. 2016ರಲ್ಲಿ ಚೆನ್ನೈನ ನ್ಯಾಯಾಲಯ ಅವರಿಗೆ ಮೂರು ವರ್ಷದ ಶಿಕ್ಷೆ ವಿಧಿಸಿತು.

ಸೂತ್ರ 4: ಸೀಟು ತುಂಬಿದರೆ ಟ್ಯಾಂಕ್ ತುಂಬಿದಂತೆ

ಬೆಳಗಿನ ಜಾವ ಕಂಬಂ, ಬೋಡಿ, ತೇನಿಗಳಿಂದ ಇಡುಕ್ಕಿಯ ಏಲಕ್ಕಿ ತೋಟಗಳಿಗೆ ಕೂಲಿಯವರನ್ನು ತುಂಬಿಕೊಂಡು ಜೀಪುಗಳು ಘಟ್ಟ ಹತ್ತುತ್ತವೆ. ಅವುಗಳಿಗೆ ಯಾವ ಅಯಸ್ಕಾಂತವೂ ಇಲ್ಲ, ತೂಗಾಡುವುದು ನಿಂಬೆಹಣ್ಣು ಮಾತ್ರ. ಆದರೂ ಲೆಕ್ಕ ಹಾಕಿ: ಒಂದೂವರೆ ಟನ್ನಿನ ಡೀಸೆಲ್ ಗಾಡಿಯಲ್ಲಿ ಒಬ್ಬನೇ ಕುಳಿತು ಸಾವಿರ ಮೀಟರ್ ಏರಿದರೆ, ಬರಿಯ ಏರಿಕೆಗೇ ಸುಮಾರು 1.4 ಲೀಟರ್. ಅದೇ ಗಾಡಿಯಲ್ಲಿ ಎಂಟು ಜನ ಕುಳಿತರೆ ತಲೆಗೆ 225 ಮಿಲಿಲೀಟರ್ ಆಸುಪಾಸು. ನಡುವಯಸ್ಸಿನ ಒಬ್ಬ ಕೂಲಿ ಹೆಂಗಸಿನ ತೂಕವನ್ನು ಮೇಲಕ್ಕೆ ಎತ್ತಲು ಬೇಕಾದದ್ದು 55 ಮಿಲಿಲೀಟರ್. ಮಿಕ್ಕಿದ್ದೆಲ್ಲ ಕಬ್ಬಿಣವನ್ನು ಹೊತ್ತ ಕೂಲಿ. ನಾವು ಮೈಲೇಜ್ ಎಂದು ಲೆಕ್ಕ ಇಡುವುದು ಕಬ್ಬಿಣದ ಪಯಣವನ್ನು, ಮನುಷ್ಯರ ಪಯಣವನ್ನಲ್ಲ.

ಇಲ್ಲಿ ಎಚ್ಚರಿಕೆ: ಎಂಟು ಜನರ ಜೀಪಿಗೆ ಹದಿನೆಂಟು ಜನರನ್ನು ತುರುಕುವುದು ಈ ಸೂತ್ರದ ವಿಸ್ತರಣೆಯಲ್ಲ, ಅಪಭ್ರಂಶ. ಆ ಉಳಿತಾಯ ಮಾಲೀಕನಿಗೆ, ಅಪಾಯ ಕೂಲಿಯವರಿಗೆ. ಜನ ಹೆಚ್ಚಾದರೆ ಬಸ್ಸಿದೆ. 2023ರ ಜೂನ್‌ನಿಂದ ಬೋಡಿಗೆ ಮತ್ತೆ ರೈಲೂ ಇದೆ.

ಪರಮ ಸಿದ್ಧಾಂತ

ಕಂಬಂನ ನಂದಗೋಪಾಲ ಗುಡಿಯ ‘ತಂಬಿರಾನ್ ಮಾಡು’ ಎಂಬ ದನಗಳನ್ನು ಕನ್ನಡ ಮಾತಾಡುವ ಕಪ್ಪಿಲಿಯರು ದೇವರೆಂದೇ ಸಾಕುತ್ತಾರೆ. ಮಾಟ್ಟುಪ್ಪೊಂಗಲ್ ದಿನ ಜನ ಸಾಲುಗಟ್ಟಿ ನಿಂತು ಅವಕ್ಕೆ ಕೈಮುಗಿಯುತ್ತಾರೆ. ಅಲ್ಲಿನ ಪಟ್ಟದ ಹೋರಿಗೆ ನೊಗ ಹೊರು ಎಂದು ಹೇಳುವ ಧೈರ್ಯ ಯಾರಿಗಿದೆ? ಓಡಾಟ ಸೊನ್ನೆ, ಗೌರವ ಪೂರ್ಣ. ಈ ಸೀಮೆಯ ಅತ್ಯುನ್ನತ ಮೈಲೇಜ್ ಅದರದೇ. ಷೆಡ್ಡಿನಲ್ಲಿ ನಿಂತ ನಿಮ್ಮ ಕಾರಿಗೂ ಅದೇ ಫಲ ಸಲ್ಲುತ್ತದೆ, ಇಎಂಐ ಒಂದನ್ನು ಬಿಟ್ಟು.

ಫಲಶ್ರುತಿ

ಈ ಶಾಸ್ತ್ರವನ್ನು ಓದಿದವರು ಟೈರು ತಣ್ಣಗಿರುವಾಗ ಗಾಳಿ ನೋಡಿಸಲಿ. ಘಟ್ಟ ಹತ್ತಿದ ಗೇರಿನಲ್ಲೇ ಇಳಿಯಲಿ. ಬಲಗಾಲನ್ನು ಹಗುರವಾಗಿಡಲಿ. ಖಾಲಿ ಸೀಟಿಗೆ ಪಕ್ಕದ ಮನೆಯವರನ್ನು ಕರೆಯಲಿ. ಇಷ್ಟಕ್ಕೂ ಒಂದು ರೂಪಾಯಿ ಖರ್ಚಿಲ್ಲ. ಷಡ್ಡಕನಿಗೆ ಹೇಳುವ ಅಂಕಿಯನ್ನಂತೂ ಹೇಗಿದ್ದರೂ ನೀವು ಎರಡು ಕಿಲೋಮೀಟರ್ ಏರಿಸಿಯೇ ಹೇಳುವಿರಿ. ಅದಕ್ಕಾಗಿ ನ್ಯೂಟ್ರಲ್ಲಿನಲ್ಲಿ ಬೋಡಿಮೆಟ್ಟು ಇಳಿಯಬೇಕಾಗಿಲ್ಲ.