ಪಾಸ್‌ವರ್ಡ್ ಮೀಮಾಂಸೆ

ಮಂಗಳಾಚರಣೆ

ವೈಫೈ ಪೆಟ್ಟಿಗೆಯ ಮೂರು ಹಸಿರು ದೀಪಗಳಿಗೆ ಕೈಮುಗಿದು ಈ ಶಾಸ್ತ್ರಗ್ರಂಥವನ್ನು ಆರಂಭಿಸುತ್ತೇನೆ. ನಡುವಿನ ದೀಪ ಕೆಂಪಾದರೆ ಗ್ರಂಥಕರ್ತ ಬರವಣಿಗೆ ಬಿಟ್ಟು ಏಳಬೇಕಾಗುತ್ತದೆ. ಮಕ್ಕಳು ಕೂರಲು ಬಿಡುವುದಿಲ್ಲ.

ಶಾಸ್ತ್ರವೆಂದ ಮೇಲೆ ಅನುಬಂಧ ಚತುಷ್ಟಯ ಹೇಳಲೇಬೇಕು. ವಿಷಯ: ಶಾಲಾವರ್ಷದಲ್ಲಿ ಮನೆಮಂದಿಯನ್ನು ಅಂತರ್ಜಾಲದ ಕಳ್ಳರಿಂದ ಕಾಯುವುದು. ಅಧಿಕಾರಿ: ತನ್ನ ಪಾಸ್‌ವರ್ಡನ್ನು ಮಗನ ಹತ್ತಿರ ಕೇಳಿ ತಿಳಿಯುವ ತಂದೆ. ಪ್ರಯೋಜನ: ಬ್ಯಾಂಕಿನಲ್ಲಿ ಇದ್ದದ್ದು ಇದ್ದಲ್ಲೇ ಇರುವುದು. ಸಂಬಂಧ: ಫೋನಿನಲ್ಲಿ ‘ನಾನು ನಿಮ್ಮ ಸಂಬಂಧಿಕ’ ಎಂದವನು ಇದರಲ್ಲಿ ಸೇರುವುದಿಲ್ಲ. ಈ ನಾಲ್ಕರ ಮೇಲೆ ಕ್ಷೇತ್ರವೊಂದು: ಕೋಲ್ಕತ್ತದ ಲೇಕ್ ಮಾರ್ಕೆಟ್, ಅಂದರೆ ಕರಿಬೇವು, ಬಾಳೆಲೆ, ಕಾಫಿಪುಡಿ ಸಿಗುವ ಕಡೆ ದಕ್ಷಿಣದವರು ಬಿಡಾರ ಹೂಡಿದ ಬಡಾವಣೆ.

ಕಾಲನಿರ್ಣಯ

ಶಾಲಾವರ್ಷ ಎಂದರೆ ಯಾವುದು? ಇಲ್ಲಿನ ರಾಜ್ಯ ಬೋರ್ಡಿಗೆ ಜನವರಿ, ಸಿಬಿಎಸ್‌ಇಗೆ ಏಪ್ರಿಲ್, ಶಿವಮೊಗ್ಗದ ನಮ್ಮ ಭಾವನ ಮಕ್ಕಳಿಗೆ ಮೇ ಕೊನೆ. ಹೀಗಾಗಿ ‘ಶಾಲೆಯ ಹೊಸ ಆ್ಯಪ್ ಇಳಿಸಿಕೊಳ್ಳಿ’ ಎಂಬ ಸಂದೇಶಕ್ಕೆ ಅಕಾಲವೆಂಬುದೇ ಇಲ್ಲ. ಕದನವಿರಾಮ ಸರಸ್ವತಿ ಪೂಜೆಗೆ ಮಾತ್ರ. ಬಂಗಾಳಿಗಳಿಗೆ ಅದು ಮಾಘದ ಪಂಚಮಿಗೆ, ನಮಗೆ ನವರಾತ್ರಿಯಲ್ಲಿ. ಎರಡನ್ನೂ ಪಾಲಿಸುವ ನಮ್ಮ ಮಗ ವರ್ಷಕ್ಕೆ ಎರಡು ಸಲ ಪುಸ್ತಕಗಳನ್ನು ದೇವಿಯ ಮುಂದಿಟ್ಟು, ಮುಟ್ಟದೆ ವ್ರತ ನಡೆಸುತ್ತಾನೆ. ಫೋನನ್ನು ಇಟ್ಟ ಉಲ್ಲೇಖ ಯಾವ ತಾಳೆಗರಿಯಲ್ಲೂ ದೊರೆತಿಲ್ಲ.

ಇತಿಹಾಸ ಖಂಡ

ದೇಶದ ಮೊದಲ ಮೊಬೈಲ್ ಕರೆ ಹೊರಟದ್ದು ಈ ಊರಿನಿಂದಲೇ. 1995ರ ಜುಲೈ 31ರಂದು ಮುಖ್ಯಮಂತ್ರಿ ಜ್ಯೋತಿ ಬಸು ರೈಟರ್ಸ್ ಬಿಲ್ಡಿಂಗ್‌ನಿಂದ ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖರಾಂ ಅವರಿಗೆ ಫೋನ್ ಮಾಡಿದರು. ಆಗ ಕರೆ ಬಂದರೂ ದುಡ್ಡು ಕೊಡಬೇಕಿತ್ತು. ಆ ಪದ್ಧತಿ ಹೋಯಿತೆಂದು ಕೆಲವು ವಿದ್ವಾಂಸರ ಮತ. ಅದು ಸರಿಯಲ್ಲ. ಕರೆ ಸ್ವೀಕರಿಸಿದವನು ಈಗಲೂ ಕೊಡುತ್ತಾನೆ. ಆಗ ನಿಮಿಷದ ಲೆಕ್ಕ, ಈಗ ಒಟ್ಟಿಗೇ.

ಪ್ರಥಮ ಸೂತ್ರ: ನಾಮ ನ ಗುಪ್ತಮ್

ಭಾಷ್ಯ: ಹೆಸರು ಗುಟ್ಟಲ್ಲ. ಪ್ರತಿ ಬಂಗಾಳಿಗೂ ಎರಡು ಹೆಸರು. ಶಾಲೆಯ ಹಾಜರಿಗೆ ‘ಭಾಲೋ ನಾಮ್’, ಮನೆಯಲ್ಲಿ ಕೂಗಲು ‘ಡಾಕ್ ನಾಮ್’. ಒಂದು ಯೂಸರ್‌ನೇಮ್, ಇನ್ನೊಂದು ಪಾಸ್‌ವರ್ಡ್ ಎಂದು ಈ ಜನ ಕಂಪ್ಯೂಟರಿಗಿಂತ ಮೊದಲೇ ಕಂಡುಕೊಂಡಿದ್ದರು. ದೋಷವಿಷ್ಟೆ: ಸಂಜೆ ಆರಕ್ಕೆ ಮೂರನೇ ಮಹಡಿಯಿಂದ ತಾಯಿ ‘ಬುಬಾಯೀ’ ಎಂದು ಕೂಗುವಾಗ ಇಡೀ ಬೀದಿಗೆ ಪಾಸ್‌ವರ್ಡ್ ಪ್ರಸಾರವಾಗುತ್ತದೆ. ಕನ್ನಡದವರು ನಗಬೇಕಿಲ್ಲ. ನಮ್ಮಲ್ಲಿ ಎಲ್ಲರೂ ‘ಪುಟ್ಟ’, ಎಲ್ಲರ ಪಾಸ್‌ವರ್ಡೂ ಪುಟ್ಟ123.

ದ್ವಿತೀಯ ಸೂತ್ರ: ಶೀತಾದ್ ಭೀತಿರ್ನ ಲಿಂಕಾತ್

ಭಾಷ್ಯ: ಭಯ ಚಳಿಗೆ, ಲಿಂಕಿಗಲ್ಲ. ಡಿಸೆಂಬರ್ ಹತ್ತಿರವಾದರೆ ಮಗುವಿನ ತಲೆಗೆ ಮಂಕಿ ಟೋಪಿ ಬೀಳುತ್ತದೆ. ಕಣ್ಣು ಮೂಗು ಬಿಟ್ಟು ಇನ್ನೇನೂ ಕಾಣಿಸದು. ಅದೇ ಮಗುವಿನ ಹೆಸರು, ಶಾಲೆ, ತರಗತಿ, ಬಹುಮಾನ ಹಿಡಿದ ಫೋಟೊ ಎಲ್ಲವೂ ಟ್ಯೂಶನ್ ಮೆಟ್ಟಿಲ ಮೇಲೆ ಕಾಯುವ ತಾಯಂದಿರ ನಾಲ್ಕು ವಾಟ್ಸಾಪ್ ಗುಂಪುಗಳಲ್ಲಿ ಬರಿಮೈಯಲ್ಲಿರುತ್ತವೆ. 2023ರ ಮಾಹಿತಿ ರಕ್ಷಣಾ ಕಾಯ್ದೆ ಹದಿನೆಂಟು ತುಂಬದವರ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕೆನ್ನುತ್ತದೆ. ನಮ್ಮ ಮನೆಯಲ್ಲಿ ಒಪ್ಪಿಗೆ ವಿಧಿ ಹೀಗೆ: ತಾಯಿ, “ಇಲ್ಲಿ ಏನು ಒತ್ಬೇಕೋ?” ಮಗ, “ಕೊಡಮ್ಮಾ, ನಾನೇ ಒತ್ತೀನಿ.”

ತೃತೀಯ ಸೂತ್ರ: ರಕ್ಷಕೋ ರಕ್ಷ್ಯಃ

ಭಾಷ್ಯ: ಕಾಯುವವನನ್ನೇ ಕಾಯಬೇಕು. ಮೊನ್ನೆ ನಮ್ಮ ತಂದೆಯವರಿಗೆ ಒಬ್ಬ ‘ಪೊಲೀಸ್ ಸಾಹೇಬ’ ಫೋನ್ ಮಾಡಿದ. ಮೊಮ್ಮಗ ಠಾಣೆಯಲ್ಲಿದ್ದಾನೆ, ಬಿಡಿಸಲು ಹಣ ಕಳಿಸಿ ಎಂದ. ಮೊಮ್ಮಗ ಎದುರಿಗೇ ಕೂತು ಉಪ್ಪಿಟ್ಟು ತಿನ್ನುತ್ತಿದ್ದ.

“ತಾತಾ, ನಾನು ಇಲ್ಲೇ ಇದೀನಿ.”

“ಸುಮ್ನಿರೋ, ಸಾಹೇಬ್ರು ಮಾತಾಡ್ತಿದಾರೆ.”

ಪ್ರತ್ಯಕ್ಷ ಮತ್ತು ಶಬ್ದಗಳಲ್ಲಿ ಯಾವ ಪ್ರಮಾಣ ಬಲವಾದದ್ದೆಂದು ದಾರ್ಶನಿಕರು ಶತಮಾನಗಟ್ಟಲೆ ವಾದಿಸಿದ್ದಾರೆ. ಅಂದು ತೀರ್ಮಾನವಾಯಿತು: ಎದುರಿಗೆ ಉಪ್ಪಿಟ್ಟು ತಿನ್ನುವ ಮೊಮ್ಮಗನಿಗಿಂತ ಗದರುವ ದನಿ ಬಲವಾದದ್ದು. ಹುಡುಗನೇ ಕಸಿದುಕೊಂಡು ಕರೆ ಕತ್ತರಿಸಿದ.

ಪೂರ್ವಪಕ್ಷ

‘ಹೇಳಿದ ಮಾತು ಕೇಳುವ ಮಕ್ಕಳಿಗೆ ಅಪಾಯವಿಲ್ಲ’ ಎಂಬ ವಾದವುಂಟು. ಇದರ ಮೂಲ ಈಶ್ವರಚಂದ್ರ ವಿದ್ಯಾಸಾಗರರ ‘ವರ್ಣಪರಿಚಯ’. 1855ರಲ್ಲಿ ಬಂದ ಈ ಬಾಲಪಾಠದಲ್ಲಿ ಗೋಪಾಲ ವಿಧೇಯ ಹುಡುಗ, ರಾಖಾಲ ಮಾತು ಕೇಳದವ. ಅಂದಿನಿಂದ ಬಂಗಾಳದ ಮನೆಗಳಲ್ಲಿ ಗೋಪಾಲನಾಗು ಎಂಬುದೇ ಆಶೀರ್ವಾದ. ಅದೇ ವಿದ್ಯಾಸಾಗರರು ಕೊನೆಯ ವರ್ಷಗಳಲ್ಲಿ ಹೋಗಿ ನೆಲೆಸಿ, ಸಂತಾಲರ ನಡುವೆ ಶಾಲೆ ನಡೆಸಿ ಔಷಧಿ ಕೊಟ್ಟ ಊರು ಕರ್ಮಾಟಾಂಡ್. ಅಲ್ಲಿನ ರೈಲು ನಿಲ್ದಾಣಕ್ಕೆ ಇಂದು ಅವರದೇ ಹೆಸರು. ಆ ಊರಿರುವ ಜಿಲ್ಲೆ ಜಾಮತಾರಾ. ಬ್ಯಾಂಕಿನವರೆಂದು ಹೇಳಿಕೊಂಡು ಒಟಿಪಿ ಕೇಳುವ ವಿದ್ಯೆಗೆ ದೇಶವೆಲ್ಲ ಹೆಸರಾದ ಜಿಲ್ಲೆ. ಗುರುಗಳು ವಿಧೇಯರನ್ನು ಬೆಳೆಸಿದರು, ನೆರೆಹೊರೆಯವರು ಕೊಯ್ಲು ಮಾಡಿದರು.

ಸಿದ್ಧಾಂತ

ಒಟಿಪಿ ಹೇಳಿ ಎಂದರೆ ಹೇಳುವವನು ಗೋಪಾಲ. ‘ಯಾಕೆ?’ ಎನ್ನುವವನು ರಾಖಾಲ. ಫೋನಿನ ಮುಂದೆ ಇಡೀ ಮನೆ ರಾಖಾಲನಾಗಬೇಕು, ಅದರಲ್ಲೂ ಹಿರಿಯರು. ಮಕ್ಕಳೊಬ್ಬರೇ ಎಚ್ಚರವಾಗಿದ್ದರೆ ಸಾಲದು. 2024ರಲ್ಲಿ ಈ ರಾಜ್ಯದ ವಿದ್ಯಾರ್ಥಿಗಳಿಗೆ ಟ್ಯಾಬ್ ಕೊಳ್ಳಲೆಂದು ಸರ್ಕಾರ ಕೊಟ್ಟ ಹತ್ತು ಸಾವಿರ ರೂಪಾಯಿ ಎಷ್ಟೋ ಮಕ್ಕಳ ಬದಲು ಬೇರೆಯವರ ಖಾತೆಗೆ ಹೋಯಿತು. ಮಗು ಆನ್‌ಲೈನ್ ಹೋಗುವ ಮೊದಲೇ ಅದರ ದುಡ್ಡು ಹೋಗಿತ್ತು. ಅದರಲ್ಲಿ ಮಗುವಿನ ತಪ್ಪೇನಿತ್ತು? 2025ರ ಜುಲೈಯಲ್ಲಿ ಪಕ್ಕದ ಕಲ್ಯಾಣಿಯ ನ್ಯಾಯಾಲಯ, ಪೊಲೀಸರೆಂದು ಹೇಳಿ ಫೋನಿನಲ್ಲೇ ‘ಡಿಜಿಟಲ್ ಅರೆಸ್ಟ್’ ಮಾಡಿ ಒಂದು ಕೋಟಿ ದೋಚಿದ ಒಂಬತ್ತು ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಫೋನಿನಲ್ಲಿ ಬಂಧಿಸುವ ಅಧಿಕಾರ ಈ ದೇಶದ ಯಾವ ಪೊಲೀಸರಿಗೂ ಇಲ್ಲ.

ಉಪ್ಪಿಟ್ಟಿನ ಪ್ರಸಂಗದ ರಾತ್ರಿ ಮಗ ಬಾಯಿಬಿಟ್ಟ. ತಿಂಗಳ ಹಿಂದೆ ಯಾವುದೋ ಆಟದಲ್ಲಿ ‘ಉಚಿತ ವಜ್ರ’ ಕೊಡುತ್ತೇನೆಂದ ಅಪರಿಚಿತನಿಗೆ ಶಾಲೆಯ ಗುರುತುಚೀಟಿಯ ಫೋಟೊ ಕಳಿಸಿದ್ದನಂತೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದೆ. “ಬೈತೀರ ಅಂತ” ಎಂದ. ತಾತ ಮೋಸಹೋಗುವುದರಲ್ಲಿದ್ದಾಗ ಮನೆಯೆಲ್ಲ ಕಾಫಿ ಕೊಟ್ಟು ಸಮಾಧಾನ ಮಾಡಿತ್ತು. ಮಗನಿಗೆ ಮೂರು ತಿಂಗಳು ಫೋನ್ ಬಂದ್ ಎಂದು ನಾನು ಆಗಲೇ ಬಾಯಿ ತೆರೆದಿದ್ದೆ. ಮುಚ್ಚಿಕೊಂಡೆ. ಅವನಿಗೂ ಕಾಫಿ ಬಂತು. ಈ ಶಾಸ್ತ್ರದಲ್ಲಿ ಶಾಸ್ತ್ರವೆನ್ನಬಹುದಾದ್ದು ಇಷ್ಟೇ: ಹೇಳಿಕೊಂಡ ಮಗುವಿಗೆ ದಂಡವಿಲ್ಲ.

ಫಲಶ್ರುತಿ

ಇದನ್ನು ಹತ್ತು ಜನಕ್ಕೆ ಕಳಿಸಿದರೆ ಸಂಜೆಯೊಳಗೆ ಶುಭವಾರ್ತೆ ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸೈಬರ್ ವಂಚನೆಯ ದೂರು ಕೊಡುವ ಸಂಖ್ಯೆ 1930. ದುಡ್ಡು ಹೋದ ಕೂಡಲೇ ಫೋನ್ ಮಾಡಿದರೆ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಗ್ಯಾಸಿನವರ ನಂಬರಿನ ಪಕ್ಕ ಇದನ್ನೂ ಬರೆದು ಗೋಡೆಗೆ ಅಂಟಿಸಿ, ತಾತನ ಕಣ್ಣಿಗೆ ಬೀಳುವ ಎತ್ತರದಲ್ಲಿ.